ಅತ್ತೆಯ ಎರಡು ಲೈಸೆನ್ಸುಗಳು

ನಮ್ಮ ಸೋದರತ್ತೆಯ ಹತ್ತಿರ ಎರಡು ಲೈಸೆನ್ಸುಗಳಿದ್ದವು. ಒಂದನ್ನು ಪಡೆಯಲು ಅವರಿಗೆ ಯಾವ ಕಷ್ಟವೂ ಆಗಲಿಲ್ಲ. ಇನ್ನೊಂದನ್ನು ಕೊಡುವಷ್ಟರಲ್ಲಿ ಇನ್‌ಸ್ಪೆಕ್ಟರರಿಗೆ ಸಾಕುಸಾಕಾಗಿತ್ತು!

ಎಂಬತ್ತರ ದಶಕದ ಆರಂಭ. ಆರ್.ಟಿ. ನಗರದಲ್ಲಿ ಅತ್ತೆ, ಮಾವ ಇಬ್ಬರದೇ ಸಂಸಾರ. ಅಣ್ಣನ ಮಗಳಾದ ನಾನು ಕಾಲೇಜಿಗೆಂದು ಅವರ ಮನೆಯಲ್ಲಿದ್ದೆ. ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ದಿನ, ಹಪ್ಪಳ ಒಣಹಾಕುತ್ತಿದ್ದ ಅತ್ತೆ, ತಾವು ವಿಮೆ ಏಜೆಂಟ್ ಆಗುವುದಾಗಿ ಸಾರಿದರು. ವಿಮೆ ಮಾರುವುದಕ್ಕೂ ಲೈಸೆನ್ಸ್ ಬೇಕೆಂದು ನನಗೆ ಗೊತ್ತಾದದ್ದೇ ಆಗ. ಅರ್ಜಿ ತುಂಬಿದರು, ಶುಲ್ಕ ಕಟ್ಟಿದರು, ಕೆಲವು ವಾರಗಳಲ್ಲಿ ಅದು ಬಂತು. ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದರು. ದಿನಾ ಕುಂಕುಮವನ್ನೂ ಇಟ್ಟರು!

ಆದರೆ ಗಿರಾಕಿಗಳು ಸಿಗಬೇಕಲ್ಲ? ನೆಂಟರಿಷ್ಟರು ಅತ್ತೆಯನ್ನು ಕಂಡರೆ ರಸ್ತೆ ದಾಟತೊಡಗಿದ್ದರು. ಹಾಗಾಗಿ ಹಳ್ಳಿಗಳ ಕಡೆ ಹೊರಟರು. ಕೋಗಿಲಿನಲ್ಲಿ ಬಸ್ಸಿಳಿದು ಉರಿಬಿಸಿಲಿನಲ್ಲಿ ನಡೆದುಹೋದವರಿಗೆ ದ್ರಾಕ್ಷಿ ತೋಟದ ಗೌಡರೊಬ್ಬರು ಮಜ್ಜಿಗೆ ಕೊಟ್ಟು ಕೇಳಿದರಂತೆ: "ಅಲ್ಲಮ್ಮ, ಇಂಗೆ ಬಿಸ್ಲಲ್ಲಿ ನಡ್ಕಂಡ್ ಬಂದು ನೀವೇ ಒಂಟೋದ್ರೆ ನನ್ ಕಾಗ್ದ ಯಾರಮ್ಮ ನೋಡ್ಕಳ್ಳೋದು?"

ಹಳೆಯ ಮೊಪೆಡ್ ಒಂದು ಮನೆಗೆ ಬಂದದ್ದು ಅದೇ ವಾರ.

ಮೊಪೆಡ್ಡಿಗೆ ಯಾರು ಲೈಸೆನ್ಸ್ ಕೇಳುತ್ತಾರೆ, ಸುಮ್ಮನೆ ಓಡಿಸಿ ಎಂದರು ಅಕ್ಕಪಕ್ಕದವರು. ಬ್ರೋಕರ್ ಒಬ್ಬ, ಪರೀಕ್ಷೆಯ ಗೊಡವೆಯೇ ಬೇಡ, ಮನೆಗೇ ತಂದುಕೊಡುತ್ತೇನೆ ಎಂದ. ಅತ್ತೆ ಅವನನ್ನು ಕೂರಿಸಿ, ಕಾಫಿ ಕೊಟ್ಟು, ಅವನಿಗೇ ಒಂದು ಪಾಲಿಸಿ ಮಾಡಿಸಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಾಳೆ ಏನಾಗುತ್ತೋ ಗೊತ್ತಿಲ್ಲ, ಇವತ್ತೇ ಕಾಗದ ಮಾಡಿಸ್ಕೊಳ್ಳಿ ಅಂತ ಊರಿಗೆಲ್ಲ ಹೇಳೋಳು ನಾನು. ನಾನೇ ಕಾಗದ ಇಲ್ದೆ ಗಾಡಿ ಓಡಿಸ್ಲೇನೇ?"

ಪರೀಕ್ಷೆಯೆಂದರೆ ಆರ್.ಟಿ.ಓ. ಇನ್‌ಸ್ಪೆಕ್ಟರ ಮುಂದೆ ಕಾಲೂರದೆ ಎಂಟರ ಆಕಾರದಲ್ಲಿ ಗಾಡಿ ಸುತ್ತಿಸಬೇಕು. ಮೊದಲ ಸಲ ಅತ್ತೆ ಎಂಟು ಹಾಕಲು ಹೋಗಿ ಮೂರಕ್ಕೇ ನಿಂತರು. ಎರಡನೆಯ ಸಲ ಇನ್ನೇನು ಮುಗಿಯಬೇಕು, ಸಾಲಿನಲ್ಲಿ ನಿಂತಿದ್ದ ಗಿರಾಕಿಯೊಬ್ಬರನ್ನು ಕಂಡು ಎರಡೂ ಕೈ ಬಿಟ್ಟು ನಮಸ್ಕಾರ ಮಾಡಿದರು! ಮೊಪೆಡ್ ಹೋಗಿ ಬೇಲಿಗೆ ಒರಗಿತು. ಈ ವಯಸ್ಸಿನಲ್ಲಿ ಇದೆಲ್ಲ ಯಾಕಮ್ಮ ಎಂದು ಇನ್‌ಸ್ಪೆಕ್ಟರು ಮೆತ್ತಗೆ ಕೇಳಿದರು. ಅತ್ತೆ ತರಚಿದ ಮೊಣಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮುಂದಿನ ಪರೀಕ್ಷೆ ಯಾವತ್ತು ಎಂದರು.

ಅಂದಿನಿಂದ ನಮ್ಮ ಮನೆಮುಂದಿನ ರಸ್ತೆಯಲ್ಲಿ ರಂಗೋಲಿ ಎಂದರೆ ಎಂಟು. ಹಾಲಿನವನು ಬರುವ ಮೊದಲೇ ಅದರ ಮೇಲೆ ಸುತ್ತು ಶುರು. ಮಾವ ಜಗುಲಿಯಲ್ಲಿ ಕೂತು, ಕಾಫಿ ಆರಿದರೂ ಕುಡಿಯದೆ, ಆ ಸದ್ದನ್ನೇ ಕೇಳುತ್ತಿದ್ದರು. ಮೂರನೆಯ ಸಲ ಅತ್ತೆ ಗೆದ್ದರು. ಇನ್‌ಸ್ಪೆಕ್ಟರು ಸಾಕು ಎಂದದ್ದು ಕೇಳಿಸದೆ ಮೇಲೆ ನಾಲ್ಕು ಎಂಟು ಹಾಕಿದರು!

ಲೈಸೆನ್ಸ್ ಕೈಗೆ ಬಂದ ದಿನ ನಾನು ಕೇಳಿಯೇಬಿಟ್ಟೆ, ಇಷ್ಟೊಂದು ಹಟ ಯಾಕತ್ತೆ ಎಂದು. ಅವರು ಒಳಗೆ ಮಾವ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಮಾವನ ಕಣ್ಣಿನ ನರ ಸೊರಗುತ್ತಿದೆ, ಔಷಧವಿಲ್ಲ ಎಂದು ಹಿಂದಿನ ವರ್ಷವೇ ಡಾಕ್ಟರು ಹೇಳಿದ್ದರಂತೆ. ಮಾವನ ಕೆಲಸ ಇನ್ನೆಷ್ಟು ದಿನವೋ ತಿಳಿಯದು. ಅದು ಹೋದ ಮೇಲಿನ ಬದುಕಿಗೆ ಒಂದು ಲೈಸೆನ್ಸ್, ಹೋಗುವವರೆಗೆ ಅವರನ್ನು ಆಫೀಸಿಗೆ ಮುಟ್ಟಿಸಲು ಇನ್ನೊಂದು.

"ಬಸ್ಸಿನ ಬೋರ್ಡು ಓದಕ್ಕಾಗಲ್ಲ ಕಣೇ ಅವ್ರಿಗೆ. ಯಾರನ್ನಾದ್ರೂ ಕೇಳಕ್ಕೆ ನಾಚ್ಕೊಂಡು ಸ್ಟಾಪಲ್ಲಿ ನಿಂತೇ ಇರ್ತಾರೆ."

ಮರುದಿನದಿಂದ ಮಾವ ಊಟದ ಡಬ್ಬಿ ಹಿಡಿದು ಮೊಪೆಡ್ಡಿನ ಹಿಂದೆ ಕೂತು ಯಲಹಂಕದ ಆಫೀಸಿಗೆ ಹೋಗತೊಡಗಿದರು. ಒಮ್ಮೆ ಗೆಳತಿಯ ಮನೆಗೆಂದು ನಾನೂ ಅದೇ ದಾರಿಯಲ್ಲಿ ಹೋಗುತ್ತಿದ್ದೆ. ರಸ್ತೆ ರಿಪೇರಿಗೆಂದು ಹೆಬ್ಬಾಳ ಕೆರೆಯ ಹತ್ತಿರ ವಾಹನಗಳನ್ನು ತಡೆದಿದ್ದರು. ನನ್ನ ಬಸ್ಸಿನ ಕಿಟಕಿಯ ಕೆಳಗೇ ಅವರಿಬ್ಬರೂ ಇಂಜಿನ್ ಆರಿಸಿ ನಿಂತಿದ್ದರು. ನಾನು ಕೂಗಬೇಕೆಂದು ಕಿಟಕಿಯಿಂದ ಬಗ್ಗಿದೆ.

"ರೀ, ಕೆರೆ ತುಂಬಿದೆ," ಅತ್ತೆ ಹೇಳುತ್ತಿದ್ದರು. "ಆಚೆ ದಡದಲ್ಲಿ ಬೆಳ್ಳಕ್ಕಿ ಇಳೀತಿವೆ. ಒಂದೈವತ್ತು ಇರ್ಬೋದು."

ಮಾವ ಆ ಕಡೆಗೆ ಮುಖ ತಿರುಗಿಸಿ ಸ್ವಲ್ಪ ಹೊತ್ತು ನೋಡಿದರು.

"ಐವತ್ತಕ್ಕಿಂತ ಜಾಸ್ತಿನೇ ಇವೆ ಕಣೇ," ಎಂದರು.