ತೋಟದ ಶಾಲೆಯ ಬ್ಲಾಗು, ಆಯಿಯ ಅವಲಕ್ಕಿ

ಹರಿಯುವ ನೀರಿಗಾದರೂ ಒಡ್ಡು ಕಟ್ಟಬಹುದು, ಸಣ್ಣ ಮಕ್ಕಳ ಬಾಯಿಗೆ ಕಟ್ಟಲಾಗದು. ಇದು ಗೊತ್ತಿದ್ದೂ ಆ ಬಾಯಿಗೆ ಇಂಟರ್ನೆಟ್ ಜೋಡಿಸಿದವಳು ನಾನು. ಹಾಗಾಗಿ ನನ್ನ ಪಾಲಿಗೆ ಫಜೀತಿಯ ಪ್ರಸಂಗಗಳು ಬರುತ್ತಲೇ ಇದ್ದವು. ಒಮ್ಮೆಯಂತೂ ಒಂದು ಹುಡುಗಿಯ ಮದುವೆಯೇ ತಪ್ಪಿಹೋಗುವುದರಲ್ಲಿತ್ತು.

ಬೇಡಕಿಹಾಳದ ಹತ್ತಿರ, ಕಬ್ಬಿನ ನಡುವೆ ನಮ್ಮ ತೋಟದ ಶಾಲೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ನನ್ನವರು. ಅದು ಡಾಂಗಲ್ ಹಾಕಿಕೊಂಡು ಇಂಟರ್ನೆಟ್ ನೋಡುತ್ತಿದ್ದ ಕಾಲ. ಚಿಕ್ಕೋಡಿಯಲ್ಲಿ ಒಂದು ತರಬೇತಿ ನಡೆದು, ತರಗತಿಗೊಂದು ಬ್ಲಾಗ್ ಮಾಡಿ ಮಕ್ಕಳ ಬರಹ ಹಾಕಿರಿ ಅಂದರು. ನನ್ನ ಮಕ್ಕಳಿಗೆ ಇನ್ನೂ ಒತ್ತಕ್ಷರವೇ ಬರುತ್ತಿರಲಿಲ್ಲ. ಅದಕ್ಕೆ ಒಂದು ನಿಯಮ ಮಾಡಿದೆ: ಅವರು ಹೇಳಬೇಕು, ಹೇಳಿದ್ದನ್ನು ಹೇಳಿದ ಹಾಗೇ ನಾನು ಟೈಪ್ ಮಾಡಬೇಕು. ಶನಿವಾರ ಮುಂಜಾನೆ ಲ್ಯಾಪ್‌ಟಾಪ್ ಹಿಡಿದು ಎಲ್ಲರೂ ಮಾಳಿಗೆ ಹತ್ತುತ್ತಿದ್ದೆವು. ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ.

ಚಹಾ ಆತೇನ್ರಿ?

ಮೊದಮೊದಲು ನಮ್ಮ ಬ್ಲಾಗನ್ನು ನಾವೇ ಬರೆದು ನಾವೇ ಓದಿಕೊಂಡೆವು. ಒಂದು ಶನಿವಾರ ನೋಡಿದರೆ ಮೈಸೂರಿನ ಯಾರೋ ಹಿರಿಯರು, "ಮಕ್ಕಳೇ, ತುಂಬಾ ಚೆನ್ನಾಗಿದೆ" ಎಂದು ಬರೆದಿದ್ದರು. ಮಾಳಿಗೆಯ ಮೇಲೆ ಹಬ್ಬವೇ ಆಯಿತು. ಏನು ಉತ್ತರ ಕೊಡೋಣ ಎಂದು ಕೇಳಿದೆ. ಎರಡನೆಯ ತರಗತಿಯ ಒಬ್ಬ ಹುಡುಗಿ, ಬಾಯಿ ಅಂದರೆ ಬಾಯಿ ಅವಳದು, ತಟ್ಟನೆ ಅಂದಳು: "ಚಹಾ ಆತೇನ್ರಿ ಅಂತ ಕೇಳ್ರಿ ಟೀಚರ್."

"ಅವರು ಮೈಸೂರಾಗ ಅದಾರವಾ."

"ಇದ್ರೇನಾತ್ರಿ? ಬಂದವ್ರಿಗೆ ಕೇಳೂದು ಬ್ಯಾಡೇನ್ರಿ?"

ನಿಯಮ ಅಂದರೆ ನಿಯಮ. ಟೈಪ್ ಮಾಡಿದೆ. ಮುಂದಿನ ವಾರ ಅವರ ಉತ್ತರ ಬಂದಿತ್ತು: "ಈಗ ತಾನೇ ಕಾಫಿ ಆಯಿತು ಮಕ್ಕಳೇ."

ಹುಡುಗಿಯ ಮುಖ ಸಣ್ಣದಾಯಿತು. "ಪಾಪ, ಅವ್ರ ಮನ್ಯಾಗ ಚಹಾಪುಡಿ ತೀರಿರಬೇಕ್ರಿ" ಅಂದಳು.

ಗುಂಡಿ ಒತ್ತುವ ಅಧಿಕಾರ

ನಮ್ಮ ಹೆಡ್‌ಮಾಸ್ತರು ಬ್ಲಾಗಿನ ಹತ್ತಿರ ಸುಳಿದವರಲ್ಲ. ಒಂದು ದಿನ ಮಾಳಿಗೆಗೆ ಬಂದವರು, ಬರಹದ ಮೇಲಿದ್ದ "ಪ್ರಕಟಿಸು" ಎಂಬ ಗುಂಡಿ ನೋಡಿದರು.

"ಇದನ್ನ ಒತ್ತಿದ್ರ ಏನಾಗ್ತೈತ್ರಿ ಮೇಡಂ?"

"ಜಗತ್ತಿಗೆಲ್ಲಾ ಕಾಣ್ತೈತ್ರಿ ಸರ್."

"ಹಂಗಾದ್ರ ಅದು ಮುಖ್ಯೋಪಾಧ್ಯಾಯರ ಕೆಲಸ" ಅಂದರು.

ಅಂದಿನಿಂದ ಪ್ರತಿ ಶನಿವಾರ ಕರವಸ್ತ್ರದಿಂದ ಬೆರಳು ಒರೆಸಿಕೊಂಡು ಬಂದು, ರಿಬ್ಬನ್ ಕತ್ತರಿಸುವವರ ಹಾಗೆ ನಿಂತು ಗುಂಡಿ ಒತ್ತುತ್ತಿದ್ದರು. ಮಕ್ಕಳು ಚಪ್ಪಾಳೆ ತಟ್ಟಬೇಕು. ಓದುವ ಅಭ್ಯಾಸ ಮಾತ್ರ ಇರಲಿಲ್ಲ. ಒಮ್ಮೆ ಮೂರನೆಯ ತರಗತಿಯ ಹುಡುಗನೊಬ್ಬ ಹೇಳಿ ಬರೆಸಿದ್ದ: "ನಮ್ಮ ದೊಡ್ಡ ಸರ್ ಪ್ರಾರ್ಥನಾದಾಗ ನಿಂತಲ್ಲೇ ನಿದ್ದಿ ಮಾಡ್ತಾರ. ಗೊರಕಿ ಬಂದ್ರ ನಾವು ಜೋರ ಹಾಡ್ತೀವಿ." ನಾನು ಉಸಿರು ಹಿಡಿದು ನಿಂತೆ. ಸರ್ ಒತ್ತಿದರು, ಚಪ್ಪಾಳೆ ಬಿತ್ತು. ಹುಡುಗನ ಬೆನ್ನು ತಟ್ಟಿ ಅಂದರು: "ಭಾಳ ಚಲೋ ಬರದೀ. ಹಿಂಗ ಬರಕೋತ ಇರು."

ಅಜ್ಜಾರ ಪಾಲಿನ ಕುಸುರೆಳ್ಳು

ಸಂಕ್ರಾಂತಿಯ ಮರುದಿನ ನಮ್ಮ ಕಡೆ ಎಲ್ಲರ ಕೈಗೂ ಕುಸುರೆಳ್ಳು, ಅಂದರೆ ಸಕ್ಕರೆ ಪಾಕ ಸುತ್ತಿದ ಎಳ್ಳು, ಹಾಕುವುದು ವಾಡಿಕೆ. ಮಕ್ಕಳು ನನಗೆ ಕೊಟ್ಟರು, ಸರ್‌ಗೆ ಕೊಟ್ಟರು, ಬಿಸಿಯೂಟದ ಅಕ್ಕನಿಗೂ ಕೊಟ್ಟರು. ಮೈಸೂರಿನ ಅಜ್ಜಾರಿಗೆ ಹೇಗೆ ಕೊಡುವುದು? ನಾನು ಹಾಜರಿ ಹಾಕುತ್ತಿದ್ದಾಗ ಎಲ್ಲರೂ ಸೇರಿ ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ ಒಂದೊಂದೇ ಕಾಳು ಇಳಿಬಿಟ್ಟಿದ್ದರು.

ಎರಡು ದಿನಕ್ಕೆ ಅರ್ಧ ಅಕ್ಷರಗಳು ಮೂಡುವುದೇ ನಿಂತವು. ವೈರಸ್ ಇರಬೇಕೆಂದು ನಿಪ್ಪಾಣಿಯ ರಿಪೇರಿ ಅಂಗಡಿಗೆ ಒಯ್ದೆ. ಅವನು ಬಿಚ್ಚಿ, ಬಹಳ ಹೊತ್ತು ನೋಡಿ ಹೇಳಿದ: "ವೈರಸ್ ಅಲ್ರಿ ಮೇಡಂ, ಇರಿವಿ. ಇಡೀ ಸಂಸಾರ ಹೂಡ್ಯಾವ."

ಮರುದಿನ ಮಕ್ಕಳಿಗೆ ಸಿಟ್ಟಿನಿಂದಲೇ ಹೇಳಿದೆ. ನಮ್ಮ ಚಹಾದ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು: "ಎಲ್ಲಾ ಇರಿವೀನ ತಿಂದಾವೇನ್ರಿ? ಅಜ್ಜಾರಿಗೆ ಒಂದ ಕಾಳರ ಮುಟ್ಟಿತೇನ್ರಿ?" ನನ್ನ ಸಿಟ್ಟು ಎಲ್ಲಿ ಹೋಯಿತೋ.

ಅವಲಕ್ಕಿ

ಈಗ ಆ ಮದುವೆಯ ಸಂಗತಿ. ಇದೇ ಚಹಾದ ಹುಡುಗಿಗೆ ಒಬ್ಬ ಅತ್ತೆ, ತಂದೆಯ ತಂಗಿ. ಟ್ರ್ಯಾಕ್ಟರಿನ ಹಿಂದೆ ಕಬ್ಬು ತುಂಬಿದ ಟ್ರಾಲಿ ಇದ್ದರೂ ಸರಾಗವಾಗಿ ರಿವರ್ಸ್ ತೆಗೆಯುವ ಗಟ್ಟಿಗಿತ್ತಿ. ಒಲೆಯ ಮುಂದೆ ಮಾತ್ರ ಕೈ ಓಡದು. ಅಡುಗೆ ಬರುವುದಿಲ್ಲವೆಂಬ ಸುದ್ದಿ ಹಬ್ಬಿ ಎರಡು ಸಂಬಂಧ ತಪ್ಪಿದ್ದವು. ಆಯಿ, ಅಂದರೆ ಹುಡುಗಿಯ ಅಜ್ಜಿ, ಆ ಚಿಂತೆಯಲ್ಲಿ ಅರ್ಧ ಆಗಿದ್ದರು. ಮೂರನೆಯದು ಜುಗೂಳದ ಸಂಬಂಧ. ಹುಡುಗ ಕಾಗವಾಡದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವನು. ರವಿವಾರ ಕನ್ಯೆ ನೋಡಲು ಬರುವವರಿದ್ದರು.

ಶನಿವಾರ ಹುಡುಗಿ ಹೇಳುತ್ತ ಹೋದಳು, ನಾನು ರೂಢಿಯಂತೆ ಟೈಪ್ ಮಾಡುತ್ತ ಹೋದೆ: "ನಾಳೆ ನಮ್ಮ ಅತ್ತಿನ್ನ ನೋಡಾಕ ಬರ್ತಾರ. ಅವಲಕ್ಕಿ ಆಯಿ ಮಾಡ್ತಾಳ. ಅತ್ತಿ ಮಾಡ್ಯಾಳ ಅಂತ ಎಲ್ಲಾರೂ ಹೇಳಬೇಕಂತ. ಅತ್ತಿ ಮಾಡಿದ್ರ ಉಪ್ಪ ಹಾಕೂದ ಮರೀತಾಳ."

ಇದನ್ನು ಹಾಕಬಾರದು ಅಂದುಕೊಂಡೆ. ಅಷ್ಟರಲ್ಲಿ ಇಬ್ಬರು ಹುಡುಗರು ಮಾಳಿಗೆಯ ಅಂಚಿಗೆ ಓಡಿದರು. ಅವರನ್ನು ಎಳೆದುಕೊಂಡು ಬರುವುದರೊಳಗೆ ಚಪ್ಪಾಳೆ ಕೇಳಿಸಿತು. ಸರ್ ಒತ್ತಿಬಿಟ್ಟಿದ್ದರು! ಅಳಿಸಬೇಕೆಂದರೆ ಸಿಗ್ನಲ್ ಮಾಯ. ನಿಪ್ಪಾಣಿಯ ನನ್ನ ಮನೆ ಮುಟ್ಟಿ ಅಳಿಸಿದ ಮೇಲೆಯೇ ನೀರು ಕುಡಿದೆ.

ಆದರೆ ಬಾಯಿಬಡುಕಿ ತಾನು ಬರೆಸಿದ್ದನ್ನು ಮನೆಯಲ್ಲೂ ಹೇಳಿದ್ದಳು. ರವಿವಾರ ಬೆಳಗ್ಗೆ ಅವಳ ಅಪ್ಪ ನನ್ನ ಬಾಗಿಲಿಗೆ ಮೋಟಾರ್ ಸೈಕಲ್ ತಂದು ನಿಂತರು. ಅವರ ಮನೆಗೆ ಹೋಗುತ್ತಲೇ ಆಯಿ ಕೈ ಹಿಡಿದುಕೊಂಡರು: "ಅಕ್ಕೋರ, ಬರದವ್ರು ನೀವ, ಏನರ ಆದ್ರ ಸಂಭಾಳಸವ್ರೂ ನೀವ. ಮೊಮ್ಮಗಳು ಇಂಟರ್ನೆಟ್ಟಿನ್ಯಾಗ ಬರ್ತಾಳ, ನೋಡ್ರಿ ಅಂತ ಗಂಡಿನವ್ರಿಗೆ ನಾನ ಹೇಳಿ ಕಳಿಸಿದ್ನೆವಾ, ನನ್ನ ಬಾಯಿಗಿಷ್ಟು ಬೆಂಕಿ ಹಾಕ!"

"ಅಳಿಸೀನ್ರಿ ಆಯಿ, ಯಾರೂ ಓದಿರೂದಿಲ್ಲ" ಅಂದೆ. ನನಗೇ ನಂಬಿಕೆ ಇರಲಿಲ್ಲ.

ಹುಡುಗ, ಅವನ ತಾಯಿ, ತಂದೆ ಬಂದು ಕೂತರು. ಅವಲಕ್ಕಿ ಬಂತು. ಚಹಾದ ಹುಡುಗಿಯ ಅಪ್ಪ ಕಲಿಸಿದ ಪಾಠ ಒಪ್ಪಿಸಿದರು: "ತಗೋರಿ, ಎಲ್ಲಾ ನಮ್ಮ ತಂಗೀನ ಮಾಡ್ಯಾಳ್ರಿ." ನನ್ನ ಪಕ್ಕದಲ್ಲಿದ್ದ ಚಹಾದ ಹುಡುಗಿ ಬಾಯಿ ತೆರೆದಳು. ನಾನು ಕೈ ಅಡ್ಡ ಇಟ್ಟೆ.

ಹುಡುಗನ ತಾಯಿ ಒಂದು ತುತ್ತು ತಿಂದು, ನೇರ ಆಯಿಯ ಕಡೆ ತಿರುಗಿದರು. "ಅವ್ವಾರ, ಅವಲಕ್ಕಿ ಭಾಳ ಚಲೋ ಮಾಡೀರಿ ನೋಡ್ರಿ."

ಆಯಿ ಕೈಯ ತಾಟು ಕೆಳಗಿಟ್ಟು ನನ್ನ ಕಡೆ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹುಡುಗ ತಲೆ ತಗ್ಗಿಸಿ ನಗುತ್ತಿದ್ದ.

"ಹೆದರಬ್ಯಾಡ್ರಿ" ಅಂದರು ಆ ತಾಯಿ. "ಸಂಬಂಧ ಹೇಳಿ ಕಳಿಸಿದಾಗಿಂದ ನಮ್ಮ ಹುಡುಗ ನಿಮ್ಮ ಹುಡುಗೂರು ಬರದಿದ್ದೆಲ್ಲಾ ಓದಿ ಹೇಳ್ತಾನ. ಅತ್ತಿ ಟ್ರ್ಯಾಕ್ಟರ್ ರಿವರ್ಸ್ ತಗೀತಾಳ, ಕಾಕಾಗ ಬರೂದಿಲ್ಲ ಅಂತ ಈ ಕೂಸು ಬರಸಿತ್ತಲ್ಲ, ಅದನ್ನ ಓದಿ ಇದ ಹುಡುಗಿ ಬೇಕಂತ ಹಟಾ ಹಿಡದ ಕೂತಾನ. ಅವಲಕ್ಕಿದೇನ್ರಿ? ನನ್ನ ನೋಡಾಕ ಬಂದಾಗೂ ನಮ್ಮವ್ವನ ಮಾಡಿದ್ಲು, ನಾ ಮಾಡೀನಿ ಅಂತ ಹೇಳಿದ್ವಿ!"

ಆಯಿ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒಳಗಿನ ಬಾಗಿಲಿನಿಂದ ಅತ್ತೆಯ ದೊಡ್ಡ ನಗು ಕೇಳಿತು. ಅಲ್ಲೇ ಮಾತು ಪಕ್ಕಾ ಆಗಿ ಸಕ್ಕರೆ ಹಂಚಿದರು. ನಾನೂ ಹುಡುಗಿಯ ಬಾಯಿಂದ ಕೈ ತೆಗೆದೆ.

ಎಲ್ಲರೂ ನಗುತ್ತಿದ್ದರೂ ಹುಡುಗನ ತಂದೆ ಮಾತ್ರ ನಕ್ಕಿರಲಿಲ್ಲ. ಖಾಲಿ ತಾಟು ನೋಡುತ್ತ ಏನೋ ಯೋಚಿಸುತ್ತಿದ್ದರು. ಕೊನೆಗೆ ತಾಟು ಕೆಳಗಿಟ್ಟು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು.

"ಅಂತೂ ಇವತ್ತ ಗೊತ್ತಾತ ನೋಡು. ಮದುವ್ಯಾದಾಗಿಂದ ಆ ರುಚಿ ಮತ್ತೊಮ್ಮಿ ಯಾಕ ಬರಲಿಲ್ಲಂತ ಕೇಳಬೇಕಂತಿದ್ದೆ, ಧೈರ್ಯ ಆಗಿರಲಿಲ್ಲ."