ಇಳಿಜಾರಿಗೆ ನಿಲ್ಲಿಸಿದ ಟ್ರ್ಯಾಕ್ಟರ್

ಮದುವೆ ಮನೆಗೆ ಹೋದ ಗಂಡಸರು ಊಟದ ಪಂಕ್ತಿ ಎಲ್ಲಿ ಕೂತಿದೆ ಎಂದು ನೋಡುತ್ತಾರೆ. ಹೆಂಗಸರು ಯಾರ ಕೊರಳಲ್ಲಿ ಏನಿದೆ ಎಂದು ನೋಡುತ್ತಾರೆ. ನಾನು ಮಾತ್ರ ಆ ಊರಲ್ಲಿ ಇಳಿಜಾರು ಎಲ್ಲಿದೆ ಎಂದು ನೋಡುತ್ತೇನೆ. ಹಗರಿಬೊಮ್ಮನಹಳ್ಳಿಯ ಸಂತೆ ಬಯಲು ಕಣ್ಣಿಗೆ ಸಮ ಕಾಣುತ್ತದೆ, ಆದರೆ ಬೇವಿನ ಮರದ ಕಡೆಗೆ ಒಂದು ಗೇಣು ತಗ್ಗು. ಹಿರೇಹಡಗಲಿಯಲ್ಲಿ ಶಾಲೆಯ ಹಿಂದಿನ ಓಣಿ ಬಹಳ ಒಳ್ಳೆಯದು. ಹಂಪಸಾಗರದಲ್ಲಿ ಹೊಳೆ ಕಡೆಗೆ ಮುಖ ಮಾಡಿ ನಿಲ್ಲಿಸಿದರೆ ಸಾಕು, ಮುಂದಿನದನ್ನು ಭೂಮಿತಾಯಿ ನೋಡಿಕೊಳ್ಳುತ್ತಾಳೆ. ಹಳ್ಳಕ್ಕೆ ಬಿಟ್ಟ ನೀರು ಎತ್ತ ಹರಿಯುತ್ತದೆ ಎಂದು ನನ್ನನ್ನು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತೇನೆ. ಈ ವಿದ್ಯೆಯನ್ನು ನನಗೆ ಯಾವ ಮಾಸ್ತರೂ ಕಲಿಸಲಿಲ್ಲ, ನನ್ನ ಟ್ರ್ಯಾಕ್ಟರ್ ಕಲಿಸಿತು. ಅದರ ಸೆಲ್ಫ್ ಕೆಟ್ಟು ಮೂರು ವರ್ಷವಾಗಿತ್ತು. ಕೀ ತಿರುವಿದರೆ ಏಳುತ್ತಿರಲಿಲ್ಲ. ಇಳಿಜಾರಿನಲ್ಲಿ ಉರುಳಬಿಟ್ಟು, ಗೇರಿನಲ್ಲಿಟ್ಟು, ಕ್ಲಚ್ ಬಿಟ್ಟರೆ ಮಾತ್ರ ಕೆಮ್ಮಿ ಎದ್ದು ಕೂರುತ್ತಿತ್ತು.

ಟ್ರ್ಯಾಕ್ಟರ್ ಅಂದಕೂಡಲೆ ನೀವು ಆಳೆತ್ತರದ ಗಾಲಿ, ಹಾಡು ಹಾಕುವ ಡಬ್ಬಿ ಎಲ್ಲ ಕಲ್ಪಿಸಿಕೊಳ್ಳಬೇಡಿ. ನನ್ನದು ತೋಟದ ಸಣ್ಣ ಟ್ರ್ಯಾಕ್ಟರ್. ಮಲ್ಲಿಗೆ ಸಾಲಿನ ನಡುವೆ ಒಂದು ಹೂವೂ ಉದುರದ ಹಾಗೆ ಓಡಾಡುತ್ತದೆ, ದಿನ ಬೆಳಿಗ್ಗೆ ಹೂವಿನ ಬುಟ್ಟಿ ಹೊತ್ತು ಪೇಟೆಗೂ ಹೋಗುತ್ತದೆ. ನಾನು ಕೊಂಡಾಗಲೇ ಅದು ಮುದುಕ. ಕಂಪನಿಯ ಹೆಸರಿನ ತಗಡು ಯಾವತ್ತೋ ಬಿದ್ದುಹೋಗಿದೆ. ಮದುವೆಯಾಗುವ ಒಂದು ವರ್ಷ ಮೊದಲು, ಕಂಡವರ ಬಾವಿ ತೋಡಿ, ಕಲ್ಲು ಹೊತ್ತು ದುಡಿದು ತಂದದ್ದು. ಅಂದರೆ ನನ್ನ ಹೆಂಡತಿ ಕೊಟ್ರಮ್ಮನಿಗಿಂತ ಈ ಮನೆಯಲ್ಲಿ ಅದೇ ಹಿರಿಯ. ಈ ಹಿರಿತನವನ್ನು ಅವಳು ಇನ್ನೂ ಕ್ಷಮಿಸಿಲ್ಲ.

ನಾನು ಏಳನೇ ಇಯತ್ತೆಗೇ ಶಾಲೆಗೆ ಕೈಮುಗಿದವನು. ಆಮೇಲೆ ಓದಿದ ಪುಸ್ತಕ ಈ ಟ್ರ್ಯಾಕ್ಟರ್ ಒಂದೇ. ಪುಟ ತೆಗೆದರೆ ಕೈಗೆ ಗ್ರೀಸ್ ಹತ್ತುತ್ತದೆ ಅನ್ನುವುದು ಬಿಟ್ಟರೆ ಒಳ್ಳೆಯ ಪುಸ್ತಕ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಬಿಡಿಸುವುದು, ಕ್ಲಚ್ ಪ್ಲೇಟ್ ಹಾಕುವುದು, ಎಲ್ಲ ನಾನೇ ಮಾಡಿ ಮಾಡಿ, ಕೆಡಿಸಿ ಕೆಡಿಸಿ ಕಲಿತದ್ದು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಮೆಕ್ಯಾನಿಕ್ಕನ ಕೈಯೂ ಅದರ ಮೈಗೆ ತಾಗಿಲ್ಲ. ಇದನ್ನು ನಾನು ಊರಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಚಾದಂಗಡಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಯಾರಾದರೂ ಅದನ್ನು ಹೇಳಿ ಮುಗಿಸಿಬಿಡುತ್ತಾರೆ. ಇನ್ನೊಂದು ನೇಮವೂ ಇದೆ. ಪ್ರತಿ ಮಹಾನವಮಿಗೆ ಅದನ್ನು ತೊಳೆದು, ಉಜ್ಜಿ, ತಲೆಯಿಂದ ಪಾದದವರೆಗೆ ಕೆಂಪು ಆಯಿಲ್ ಪೇಂಟ್ ಹಚ್ಚುತ್ತೇನೆ. ಮನೆ ಗೋಡೆಗೆ ಸುಣ್ಣ ತಪ್ಪಿದ ವರ್ಷವುಂಟು, ಅದಕ್ಕೆ ಬಣ್ಣ ತಪ್ಪಿಲ್ಲ. ‘ನನಗ ಒಂದು ಕೆಂಪು ಸೀರಿ ತರ್ರಿ ಅಂದ್ರ ಮುಂದಿನ ವರ್ಷ ಅಂತೀರಿ’ ಎಂದು ಕೊಟ್ರಮ್ಮ ಪ್ರತಿ ವರ್ಷ ಬ್ರಷ್ಷು ಹಿಡಿದ ನನ್ನ ಬೆನ್ನಿಗೆ ಹೇಳುತ್ತಾಳೆ.

ಇಳಿಜಾರೊಂದು ಇರುವವರೆಗೆ ಸೆಲ್ಫ್ ಕೆಟ್ಟದ್ದು ನನಗೆ ದೊಡ್ಡ ಸಂಗತಿ ಅನ್ನಿಸಿರಲಿಲ್ಲ. ನಮ್ಮ ಮನೆಯ ಮುಂದಿನ ಓಣಿಯೇ ದೇವರು ಕೊಟ್ಟ ಇಳಿಜಾರು. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಸಿಮೆಂಟ್ ರಸ್ತೆ ಬಂತು. ಕೆಲಸದವರು ಮಣ್ಣು ತುಂಬಿ, ಮಟ್ಟ ಹಿಡಿದು, ಕೇರಂ ಬೋರ್ಡಿನ ಹಾಗೆ ಸಮ ಮಾಡಿ ಹೋದರು. ಓಣಿಯವರೆಲ್ಲ ಅವರಿಗೆ ಚಾ ಕೊಟ್ಟು ಹೊಗಳಿದರು. ನಾನೊಬ್ಬನೇ ಸೂತಕದವನ ಹಾಗೆ ಕಟ್ಟೆಯ ಮೇಲೆ ಕೂತಿದ್ದೆ. ‘ಒಂದು ಮೂಲ್ಯಾಗರ ಸ್ವಲ್ಪ ತಗ್ಗು ಬಿಡ್ರಪಾ’ ಎಂದು ಕೇಳಿಕೊಂಡೆ. ಮೇಸ್ತ್ರಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಅಂದಿನಿಂದ ದಿನ ಬೆಳಿಗ್ಗೆ ಹೂವಿನ ಹೊತ್ತಿಗೆ ಟ್ರ್ಯಾಕ್ಟರನ್ನು ದೂಡಲು ಜನ ಬೇಕಾಯಿತು. ಮೊದಲ ವಾರ ನೆರೆಯವರು ನಗುತ್ತ ಬಂದರು. ಎರಡನೇ ವಾರ ಬಂದರು. ಮೂರನೇ ವಾರ ನಾನು ಹೊರಗೆ ಬಂದದ್ದು ಕಂಡಕೂಡಲೆ ಎಲ್ಲರಿಗೂ ಸ್ನಾನ ನೆನಪಾಗತೊಡಗಿತು.

ಹೀಗಿರುವಾಗ ಬಂದವನು ಬಸವರಾಜ, ಕೊಟ್ರಮ್ಮನ ತಮ್ಮ. ಹರಪನಹಳ್ಳಿ ಕಡೆಯವನು, ಹೊಸ ದೊಡ್ಡ ಟ್ರ್ಯಾಕ್ಟರ್ ಕೊಂಡವನು. ಹಿಂದಿನ ವರ್ಷದ ಮಹಾನವಮಿಯನ್ನು ಅವನು ಮರೆತಿರಲಿಲ್ಲ. ಪೂಜೆ ಮಾಡಿ ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ ಮೇಲೆ ಗಾಡಿ ತಾನಾಗಿ ಮುಂದೆ ಹೋಗಿ ಅವನ್ನು ಒಡೆಯಬೇಕು. ಅದು ಪದ್ಧತಿ. ನಮ್ಮದನ್ನು ಅಂಗಳದ ಸಮ ನೆಲದಲ್ಲಿ ಐದು ಜನ ದೂಡಿ ಒಡೆಸಿದ್ದೆವು. ಆ ಐವರಲ್ಲಿ ಬಸವರಾಜನೂ ಒಬ್ಬ, ಸೊಂಟ ಹಿಡಿದುಕೊಂಡು ಊರಿಗೆ ಹೋಗಿದ್ದ.

‘ಮಾಮ, ದೂಡಿ ಒಡೆದಿದ್ದು ದೇವ್ರ ಲೆಕ್ಕಕ್ಕೆ ಬರಲ್ಲ’ ಎಂದ. ‘ಈ ಸಲ ನಿಮ್ ಗಾಡಿ ತಾನೇ ಎದ್ದು ಲಿಂಬೆಹಣ್ಣು ಒಡೀಬೇಕು. ಇಲ್ಲ ಅಂದ್ರೆ ಮಾರನೇ ದಿನ ಗುಜರಿಯವನ್ನ ನಾನೇ ಕರ್ಕೊಂಡು ಬರ್ತೀನಿ. ಏನಂತೀಯ ಅಕ್ಕಾ?’

ಕೊಟ್ರಮ್ಮ ಹೂ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. ‘ಅದು ನಿಲ್ಲೋ ಆ ನೆರಳು ಖಾಲಿ ಆದ್ರ ನಾಕು ಮಂದಿ ಕುಂತು ಹೂ ಕಟ್ಟಾಕ ಜಾಗ ಆಕ್ಕೈತಿ’ ಎಂದಳು. ಇಬ್ಬರ ಎದುರಿಗೆ ನಾನು ಒಬ್ಬ. ಗಂಡಸಿನ ಮಾತು ಬಾಯಿ ದಾಟಿಬಿಟ್ಟಿತು. ‘ಆಯ್ತು. ತಾನಾ ಏಳಲಿಲ್ಲ ಅಂದ್ರ ಒಯ್ಯಿರಿ’ ಎಂದೆ. ಹೇಳಿದ ಮೇಲೆ ಟ್ರ್ಯಾಕ್ಟರಿನ ಮುಖ ನೋಡಲು ಆಗಲಿಲ್ಲ.

ಮಹಾನವಮಿಗೆ ಹದಿನೈದು ದಿನ ಇತ್ತು. ಸೆಲ್ಫ್ ಬಿಚ್ಚಿದೆ. ತೊಳೆದೆ, ಕಾರ್ಬನ್ ಬ್ರಷ್ ಹೊಸದು ಹಾಕಿದೆ, ಬ್ಯಾಟರಿ ಹೊಸದು ತಂದೆ. ಅದರಲ್ಲೊಂದು ವಿಚಿತ್ರವಿತ್ತು. ಸೆಲ್ಫನ್ನು ಬಿಚ್ಚಿ ನೆಲಕ್ಕಿಟ್ಟು ಬ್ಯಾಟರಿಯ ವೈರ್ ತಾಗಿಸಿದರೆ ಬುಗುರಿಯ ಹಾಗೆ ತಿರುಗುತ್ತದೆ. ಗಾಡಿಗೆ ಕೂಡಿಸಿ ಕೀ ತಿರುವಿದರೆ ‘ಟಕ್’ ಅಂದು ಸುಮ್ಮನಾಗುತ್ತದೆ. ಮನೆಯಲ್ಲಿ ಮಗ್ಗಿ ಪಟಪಟ ಹೇಳಿ ಮಾಸ್ತರ ಮುಂದೆ ಬಾಯಿ ಬಿಡದ ಹುಡುಗನ ಹಾಗೆ. ಅಂಥ ಹುಡುಗ ನಾನೇ ಆಗಿದ್ದೆನಾದ್ದರಿಂದ ಅದಕ್ಕೆ ಬೈಯಲೂ ಮನಸ್ಸು ಬರಲಿಲ್ಲ. ಮೂರು ಸಲ ಬಿಚ್ಚಿದೆ, ಮೂರು ಸಲ ಕೂಡಿಸಿದೆ. ‘ಆ ಹಗರಿಬೊಮ್ಮನಹಳ್ಳಿ ಖಾಸಿಂ ಸಾಬ್ರಿಗೆ ಒಂದ್ಸಲ ತೋರಸ್ರಿ’ ಎಂದಳು ಕೊಟ್ರಮ್ಮ. ಖಾಸಿಂ ಸಾಬ್ರು ನಮ್ಮ ಕಡೆ ಹೆಸರಾದ ಮೆಕ್ಯಾನಿಕ್. ‘ನನ್ನ ಹೆಣ ಬಿದ್ದ ಮ್ಯಾಲೆ’ ಎಂದೆ. ‘ಅಷ್ಟು ದಿನ ಗುಜರಿಯಾವ ಕಾಯಂಗಿಲ್ಲ’ ಎಂದಳು.

ಹಬ್ಬಕ್ಕೆ ಎರಡು ದಿನ ಇರುವಾಗ, ಮಧ್ಯಾಹ್ನ, ನಾನು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದೆ. ಎರಡು ಚಪ್ಪಲಿ ಬಂದು ನಿಂತವು. ಹೊರಗೆ ತಲೆ ಹಾಕಿದರೆ ಸಾಕ್ಷಾತ್ ಖಾಸಿಂ ಸಾಬ್ರು.

‘ಸಲಾಂ ಅಣ್ಣಾರ. ಮಗಳ ಶಾದಿ ಐತ್ರಿ, ಮಲ್ಲಿಗಿ ಹೂವು ಹೇಳಿ ಹೋಗೋಣ ಅಂತ ಬಂದೆ’ ಎಂದರು. ಹೂವು ಕೇಳಿಕೊಂಡು ಬಂದವರನ್ನು ಹೊರಗೆ ಹೋಗಿ ಅನ್ನಲಾಗುತ್ತದೆಯೇ? ಕೊಟ್ರಮ್ಮ ಚಾ ತಂದಳು. ಸಾಬ್ರು ಚಾ ಕುಡಿಯುತ್ತ ಸುಮ್ಮನೆ ಗಾಡಿಯ ಸುತ್ತ ಒಂದು ಸುತ್ತು ಬಂದರು. ಕೈಯಿಂದ ಮುಟ್ಟಲಿಲ್ಲ, ಅಷ್ಟು ಮರ್ಯಾದೆಯ ಮನುಷ್ಯ. ಬ್ಯಾಟರಿಯ ಅರ್ಥಿಂಗ್ ವೈರು ಗಾಡಿಯ ಕಬ್ಬಿಣಕ್ಕೆ ಬೋಲ್ಟ್ ಆಗಿರುವ ಜಾಗದಲ್ಲಿ ಬಗ್ಗಿ ನಿಂತರು.

‘ಬಣ್ಣ ಬಹಳ ಚಂದ ಹಚ್ಚೀರಿ. ಯಾರ ಕೈಯಿಂದ್ರಿ?’

‘ನಾನಾ ಹಚ್ಚಿದ್ದು’ ಎಂದೆ, ಎದೆ ಉಬ್ಬಿಸಿ. ‘ಪ್ರತಿ ವರ್ಷ. ಒಂದು ಸಂದು ಬಿಟ್ಟಿಲ್ಲ.’

‘ಅದಾ ನೋಡ್ರಿ ಅಣ್ಣಾರ. ಒಂದು ಸಂದೂ ಬಿಟ್ಟಿಲ್ಲ’ ಎಂದು ಸಾಬ್ರು ನಿಟ್ಟುಸಿರು ಬಿಟ್ಟರು. ‘ಈ ವೈರು ಕಬ್ಬಿಣಕ್ಕ ಹತ್ಕೊಂಡು ಇರಬೇಕು. ನಿಮ್ದು ಬಣ್ಣಕ್ಕ ಹತ್ಕೊಂಡೈತಿ. ಕರೆಂಟು ಹಾದು ಹೋಗೋದೆಲ್ಲಿಂದ?’

ಸಾಬ್ರು ಹೋಗುವವರೆಗೆ ಹೇಗೋ ತಡೆದುಕೊಂಡು, ಹೋದಮೇಲೆ ಆ ಬೋಲ್ಟ್ ಬಿಚ್ಚಿ, ಹಳೇ ಹ್ಯಾಕ್ಸಾ ಬ್ಲೇಡಿನಿಂದ ಕೆರೆಯತೊಡಗಿದೆ. ಒಂದು ಕೆಂಪು ಪದರು ಹೋಯಿತು, ಅದರ ಕೆಳಗೆ ಇನ್ನೊಂದು ಕೆಂಪು, ಮತ್ತೊಂದು ಕೆಂಪು. ಒಂದೊಂದು ಮಹಾನವಮಿಯೂ ಸಿಪ್ಪೆ ಸಿಪ್ಪೆಯಾಗಿ ಎದ್ದುಬಂತು. ಮೂರು ವರ್ಷದಿಂದ ವೈರ್ ಬಿಚ್ಚಿ ಅದರ ಅಡಿಗೂ ಭಕ್ತಿಯಿಂದ ಬಣ್ಣ ಬಳಿದ ಆ ಪುಣ್ಯಾತ್ಮ ಯಾರೆಂದು ಬೇರೆಯವರನ್ನು ಕೇಳುವ ಅಗತ್ಯವಿರಲಿಲ್ಲ. ಕಡೆಗೆ ಬೆಳ್ಳಿಯ ಹಾಗೆ ಕಬ್ಬಿಣ ಹೊಳೆಯಿತು. ಬೋಲ್ಟ್ ಬಿಗಿದು ಕೀ ತಿರುವಿದೆ. ಸೆಲ್ಫಿನ ಮೂರು ವರ್ಷದ ಮೌನ ಮುರಿದು ಗಾಡಿ ಗುಡುಗಿತು. ಒಳಗಿನಿಂದ ಓಡಿಬಂದ ಕೊಟ್ರಮ್ಮನಿಗೆ ‘ಕಾರ್ಬನ್ ಬ್ರಷ್ಷಿಂದಾ ತೊಂದರಿ ಇತ್ತು’ ಎಂದೆ. ‘ಹೌದೇನ್ರಿ’ ಎಂದಳು. ನೆಲದ ಮೇಲಿನ ಕೆಂಪು ಸಿಪ್ಪೆಗಳನ್ನು ಗುಡಿಸುತ್ತ ಎಂದಳು.

ಮಹಾನವಮಿಯ ದಿನ ಬಸವರಾಜ ಬೇಕೆಂದೇ ಬೇಗ ಬಂದ. ಓಣಿಯವರೂ ಸೇರಿದರು, ಮತ್ತೆ ದೂಡಬೇಕಾದೀತೆಂದು ಸ್ವಲ್ಪ ದೂರವೇ ನಿಂತರು. ಆರತಿಯಾಯಿತು, ಕಾಯಿ ಒಡೆದೆ, ನಾಲ್ಕು ನಿಂಬೆಹಣ್ಣು ಇಟ್ಟೆ. ಹತ್ತಿ ಕೂತು ಕೀ ತಿರುವಿದೆ. ಒಂದೇ ಸಲಕ್ಕೆ ಎದ್ದಿತು! ನಿಂಬೆಹಣ್ಣು ಪಚಕ್, ಪಚಕ್ ಎಂದು ನಾಲ್ಕೂ ಒಡೆದವು. ನೆರೆಯವರು ಚಪ್ಪಾಳೆ ತಟ್ಟಿದರು. ಇನ್ನು ಬೆಳಿಗ್ಗೆ ನೆಮ್ಮದಿಯಿಂದ ಹೊರಗೆ ಬರಬಹುದಲ್ಲ, ಅದರ ಸಂತೋಷ.

ಬಸವರಾಜ ಸೋಲೊಪ್ಪುವ ಕುಲದವನಲ್ಲ. ‘ಮಾಮ, ಒಂದ್ಸಲ ಆಫ್ ಮಾಡಿ, ಇನ್ನೊಂದ್ಸಲ ಸ್ಟಾರ್ಟ್ ಮಾಡಿ ತೋರ್ಸಿ’ ಎಂದ.

‘ಪೂಜೆ ಮಾಡಿದ ಗಾಡಿ, ಕೂಡಲೆ ಬಂದ್ ಮಾಡಬಾರದು’ ಎಂದೆ. ಅಂಥ ಶಾಸ್ತ್ರವನ್ನು ನಾನು ಆ ಕ್ಷಣದಲ್ಲಿಯೇ ಬರೆದದ್ದು. ಹೋಳಿಗೆ ಊಟ ಮುಗಿಯಿತು, ಎಲೆಯಡಿಕೆಯಾಯಿತು, ಗಾಡಿ ಮಾತ್ರ ನೆರಳಲ್ಲಿ ಗುಡುಗುಡು ಅನ್ನುತ್ತಲೇ ಇತ್ತು. ಒಬ್ಬರ ಮಾತು ಒಬ್ಬರಿಗೆ ಕೇಳದೆ ಎಲ್ಲರೂ ಸನ್ನೆಯಲ್ಲಿ ತುಪ್ಪ ಕೇಳಿದರು. ಬಸವರಾಜ ಹೊರಟು ನಿಂತಾಗ, ಉಳಿದಿದ್ದ ಕೆಂಪು ಬಣ್ಣದ ಡಬ್ಬಿಯನ್ನು ಬಹಳ ಪ್ರೀತಿಯಿಂದ ಅವನ ಕೈಗಿಟ್ಟೆ. ‘ನಿನ್ನ ಹೊಸ ಗಾಡಿಗೆ ಹಚ್ಚಪಾ, ಒಂದು ಸಂದೂ ಬಿಡಬ್ಯಾಡ’ ಎಂದೆ. ಅವನು ಓಣಿಯ ತಿರುವು ದಾಟಿದ ಮೇಲೆಯೇ ಗಾಡಿ ಬಂದ್ ಮಾಡಿದ್ದು.

ಆಮೇಲೆ ತಿಂಗಳು ಕಳೆದರೂ ಮಗಳ ಶಾದಿಯ ಹೂವಿಗೆ ಖಾಸಿಂ ಸಾಬ್ರು ಬರಲಿಲ್ಲ. ಪೇಟೆಯಲ್ಲಿ ವಿಚಾರಿಸಿದೆ. ಸಾಬ್ರಿಗೆ ಇರುವವರು ಮೂವರೂ ಗಂಡುಮಕ್ಕಳಂತೆ. ಮನೆಗೆ ಬಂದು ಕೊಟ್ರಮ್ಮನ ಮುಖ ನೋಡಿದೆ. ಅವಳು ಹೂ ಕಟ್ಟುತ್ತಿದ್ದಳು, ಆವತ್ತಿನ ಹಾಗೆಯೇ ತಲೆ ಎತ್ತದೆ. ನಾನೂ ಏನೂ ಕೇಳಲಿಲ್ಲ. ಮುಂದಿನ ಸಂತೆಗೆ ಒಂದು ಕೆಂಪು ಸೀರೆ ತಂದುಕೊಟ್ಟೆ. ಅವಳೂ ಯಾಕೆಂದು ಕೇಳಲಿಲ್ಲ.

ಈಗ ಸೆಲ್ಫ್ ಒಂದು ದಿನವೂ ಕೈ ಕೊಟ್ಟಿಲ್ಲ. ಚಾದಂಗಡಿಯಲ್ಲಿ ನಾನೇ ರಿಪೇರಿ ಮಾಡಿದೆನೆಂದು ಹೇಳುತ್ತೇನೆ. ಕೆರೆದದ್ದು ನಾನೇ ತಾನೆ, ಸುಳ್ಳೇನಲ್ಲ. ಹೋದ ವಾರ ಹಂಪಸಾಗರದ ಮದುವೆಗೆ ಹೂವು ತೆಗೆದುಕೊಂಡು ಇಬ್ಬರೂ ಹೋಗಿದ್ದೆವು. ಹೆಣ್ಣಿನ ತಂದೆ ಹಂದರದ ಪಕ್ಕದಲ್ಲೇ, ತಂಪು ನೆರಳಲ್ಲಿ, ಚೊಕ್ಕ ಸಮ ಜಾಗ ಬಿಡಿಸಿಕೊಟ್ಟು ‘ಇಲ್ಲೇ ನಿಲ್ಲಸ್ರಿ’ ಎಂದರು. ‘ಇರ್ಲಿ ಬಿಡ್ರಿ’ ಎಂದು ನಾನು ಗಾಡಿಯನ್ನು ಮುಂದೆ ಬಿಟ್ಟು, ಎರಡು ಓಣಿ ದಾಟಿ, ಸುಡುವ ಬಿಸಿಲಲ್ಲಿ ಹೊಳೆಗೆ ಮುಖ ಮಾಡಿ ನಿಲ್ಲಿಸಿದೆ. ಕೊಟ್ರಮ್ಮ ಕೆಂಪು ಸೀರೆಯ ಸೆರಗು ಸಿಕ್ಕಿಸಿಕೊಂಡು ಇಳಿದಳು. ಸುತ್ತ ನೋಡಿ ಒಂದು ಗಟ್ಟಿ ಕಲ್ಲು ತಂದು, ಅಭ್ಯಾಸದ ಕೈಯಿಂದ ಗಾಲಿಯ ಮುಂದೆ ಇಟ್ಟಳು. ಕೈ ಜಾಡಿಸಿಕೊಂಡು ಹೂವಿನ ಬುಟ್ಟಿ ತಲೆಗೇರಿಸಿದಳು.

‘ಸೆಲ್ಫ್ ರಿಪೇರಿ ಆಗೇತಿ ಅಂದಿದ್ರಿ.’

‘ಆಗೇತಿ.’

‘ನಾನಾ ರಿಪೇರಿ ಮಾಡಿದ್ದು ಅಂದಿದ್ರಿ.’

‘ಹೌದು. ಅದಕ್ಕಾ ಇಲ್ಲಿ ನಿಲ್ಲಿಸಿದ್ದು’ ಎಂದೆ.