ಟವೆಲ್ ಹಾಕುವ ಮೊದಲು

ನಮ್ಮ ಸಣ್ಣವ್ವನಷ್ಟು ಮರ್ಯಾದಸ್ಥ ಹೆಣ್ಣುಮಗಳು ವಾಡಿ ಜಂಕ್ಷನ್ನಿನ ಸುತ್ತ ಹತ್ತೂರು ಹುಡುಕಿದರೂ ಸಿಗುವುದಿಲ್ಲ. ಆಕೆ ಖಾಲಿ ಕುರ್ಚಿಗೂ ಮರ್ಯಾದೆ ಕೊಡುತ್ತಾಳೆ! ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಂದು ನೊಣ ಇರದಿದ್ದರೂ ಸರಿಯೇ, ಎದುರಿಗೆ ನಿಂತು, "ಇಲ್ಲಿ ಯಾರರ ಅದಾರೇನ್ರಿ?" ಎಂದು ಕೇಳದೆ ಕೂರುವವಳಲ್ಲ. ಬೆಂಚು ಪಾಪ ಏನು ಹೇಳಬೇಕು? ಒಮ್ಮೆ ಶಹಾಬಾದದಲ್ಲಿ ಹಲ್ಲಿನ ಡಾಕ್ಟರ ಕುರ್ಚಿ ಮುಂದೆಯೂ ಹೀಗೇ ಕೇಳಿದಳು. ಡಾಕ್ಟರು ಇಕ್ಕಳ ಹಿಡಿದುಕೊಂಡೇ, "ಹಲ್ಲು ನಿಮ್ದು ನೋಯ್ಲಿಕತ್ತದ, ಇನ್ಯಾರು ಕುಂದರ್ತಾರ್ರಿ ಇಲ್ಲಿ?" ಎಂದರು.

ಸಣ್ಣವ್ವ ಅಂದರೆ ಅಪ್ಪನ ಎರಡನೆಯ ಹೆಂಡತಿ. ಅವ್ವ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ನಾನೇ ಹಟ ಹಿಡಿದು ಮಾಡಿಸಿದ ಮದುವೆ. ಎಲ್ಲ ಸುಸೂತ್ರ, ಊಟದ ಹೊತ್ತೊಂದನ್ನು ಬಿಟ್ಟು. ನಮ್ಮದು ಫರಸಿ ಕಲ್ಲಿನ ನೆಲದ ಮೇಲೆ ಮಣೆ ಹಾಕಿಕೊಂಡು ಉಣ್ಣುವ ಮನೆ. ಅಪ್ಪನದೊಂದು ಮಣೆ, ನನ್ನದೊಂದು, ಕಿಟಕಿಯ ಕೆಳಗೆ ಅವ್ವನದೊಂದು. ಅವ್ವ ಹೋದರೂ ಅದನ್ನು ಯಾರೂ ಎತ್ತಿಟ್ಟಿಲ್ಲ. ಬೆಂಚನ್ನೂ ಕೇಳುವ ಸಣ್ಣವ್ವ ಆ ಮಣೆಯ ಬಗ್ಗೆ ಮಾತ್ರ ಒಂದು ದಿನವೂ ಕೇಳಲಿಲ್ಲ! ಬಂದಾಗಿನಿಂದ ಅಡುಗೆಮನೆಯ ಬಾಗಿಲಿಗೆ ಒರಗಿ, ತಾಟು ಕೈಯಲ್ಲಿ ಹಿಡಿದು ನಿಂತೇ ಉಣ್ಣುತ್ತಾಳೆ. "ನನಗ ನಿಂತು ಉಂಡ್ರೇ ಛಲೋ ಪಚನ ಆಗ್ತದ" ಅನ್ನುತ್ತಾಳೆ. ಯಾರಿಗೆ ಹೇಳುತ್ತಾಳೆ ಈ ಸುಳ್ಳು? ಅವಳು ನಮ್ಮ ಜೊತೆ ಕುಳಿತು ಉಣ್ಣಲಿ ಎಂದು ನನ್ನ ಜೀವ ಒದ್ದಾಡುತ್ತಿತ್ತು. ಆದರೆ ಅವ್ವನ ಮಣೆಯ ಮೇಲೆ ಕುಳಿತುಕೋ ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ಇನ್ನು ಸಣ್ಣವ್ವನ ನೌಕರಿಯೋ! ಕಂಪ್ಯೂಟರಿನ ಹೊಟ್ಟೆಯಲ್ಲಿ ಕರ್ನಲ್ ಎಂಬ ಯಜಮಾನನೊಬ್ಬ ಕೂತು ಪ್ರೋಗ್ರಾಮುಗಳಿಗೆಲ್ಲ ಮೆಮೊರಿಯಲ್ಲಿ ಜಾಗ ಹಂಚುತ್ತಾನಂತೆ. ಅವನು ನೆಟ್ಟಗೆ ಹಂಚುತ್ತಾನೋ ಇಲ್ಲವೋ ನೋಡುವ ಟೆಸ್ಟುಗಳನ್ನು ಇವಳು ಮನೆಯಲ್ಲೇ ಕೂತು ಬರೆಯುತ್ತಾಳೆ. "ನಮ್ಮಾಕಿ ಕಂಪ್ಯೂಟರಿಗಿ ಪರೀಕ್ಷಾ ತಗೋತಾಳ" ಎಂದು ಅಪ್ಪ ಓಣಿಯಲ್ಲಿ ಹೇಳಿದ್ದೇ ತಡ, ಪಕ್ಕದ ಮನೆಯಾಕೆ ಮಗನ ಹಾಲ್‌ಟಿಕೆಟ್ ಹಿಡಿದು ಬಂದಳು: "ಸ್ವಲ್ಪ ನೋಡ್ಕೋರಿ ಅಕ್ಕಾರ, ಗಣಿತದಾಗ ಭಾಳ ಕಚ್ಚಾ ಅದಾನ!"

ಈಚೆಗೆ ಅವಳ ಒಂದು ಟೆಸ್ಟು ತಲೆ ತಿನ್ನತೊಡಗಿತು. ಮುಂಜಾನೆ ಪಾಸು, ಮಧ್ಯಾಹ್ನ ಫೇಲು, ಚಹಾ ಕುಡಿದು ಬಂದರೆ ಮತ್ತೆ ಪಾಸು! "ತಪ್ಪು ಕರ್ನಲ್ಲಂದೋ ನಂದೋ, ತಿಳೀವಲ್ದು ನೋಡು" ಎಂದು ರೊಟ್ಟಿ ತಟ್ಟುತ್ತಲೂ ಗೊಣಗುತ್ತಿದ್ದಳು. ಆ ವಾರ ರೊಟ್ಟಿಗಳೂ ಒಂದು ಪಾಸು, ಒಂದು ಫೇಲು.

ಅಷ್ಟರಲ್ಲಿ ಸುಲೇಪೇಟದಲ್ಲಿ ನೆಂಟರ ಮನೆಯ ಕುಬಸ, ಅಂದರೆ ಸೀಮಂತ, ಬಂತು. ಮುಗಿಸಿಕೊಂಡು ನಾನೂ ಸಣ್ಣವ್ವನೂ ಸೇಡಂ ಬಸ್ಸು ಹತ್ತಿದೆವು. ನಮ್ಮ ಕಡೆ ಬಸ್ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದು ಜನ್ಮಸಿದ್ಧ ಹಕ್ಕು. ದಾರಿಯ ಒಂದು ಸ್ಟಾಪಿನಲ್ಲಿ ಹೊರಗಿನಿಂದ ಒಬ್ಬಾತ ನೋಡದೆ ಕೇಳದೆ ಟವೆಲ್ ಒಗೆದ. ಅದು ನಮ್ಮ ಮುಂದಿನ ಸೀಟಿನಲ್ಲಿದ್ದ ಅಜ್ಜಿಯ ತಲೆಯ ಮೇಲೆ ಬಿತ್ತು. ಆತ ಒಳಗೆ ನುಗ್ಗಿ ಬಂದು, "ಏಳಬೇ ಆಯಿ, ಟವೆಲ್ ಹಾಕೀನಿ, ಸೀಟು ನಂದು!" ಎಂದ.

ಅಜ್ಜಿ ಟವೆಲಿನೊಳಗಿಂದಲೇ ಗುಡುಗಿದಳು: "ಟವೆಲ್ ನನ್ನ ತಲಿ ಮ್ಯಾಲ ಬಿದ್ದದ. ಹಂಗಾದ್ರ ತಲೀನೂ ನಿಂದೇನೋ ಮಾರಾಯಾ?"

ಬಸ್ಸೆಲ್ಲ ಬಿದ್ದು ಬಿದ್ದು ನಕ್ಕಿತು. ಸಣ್ಣವ್ವ ಮಾತ್ರ ಎದ್ದು ನಿಂತು, "ಸಿಕ್ತು! ಸಿಕ್ತು!" ಎಂದು ಕೂಗಿದಳು.

"ಏನ್ ಕಳದಿತ್ತವ್ವಾ?" ಎಂದ ಗಾಬರಿಯಾದ ಕಂಡಕ್ಟರು.

ಆಮೇಲೆ ನೋಡಬೇಕಿತ್ತು! ಕಂಬಿ ಹಿಡಿದು ನಿಂತು ಇಡೀ ಬಸ್ಸಿಗೆ ಪಾಠ. ಅವಳ ಟೆಸ್ಟು ಮಾಡುತ್ತಿದ್ದುದೂ ಅದನ್ನೇ ಅಂತೆ: ಮೆಮೊರಿಯಲ್ಲಿ ನನಗೆ ಇದೇ ಸೀಟು ಬೇಕೆಂದು ಹಟ ಮಾಡಿ, ಅಲ್ಲಿ ಯಾರಿದ್ದಾರೆಂದು ನೋಡದೆ ಟವೆಲ್ ಒಗೆಯುವುದು. ಸೀಟು ಖಾಲಿ ಇದ್ದ ದಿನ ಪಾಸು, ಯಾರಾದರೂ ಕೂತಿದ್ದ ದಿನ ಫೇಲು.

"ನಮ್ಮ ಕಂಪ್ಯೂಟರಿನಾಗ ಅಜ್ಜಿ ಒದರೂದಿಲ್ರಿ. ಟವೆಲ್ ಬಿದ್ದ ಕೂಡ್ಲೇ ಸದ್ದಿಲ್ದ ಮಾಯ ಆಗಿಬಿಡ್ತಾಳ. ಆಮ್ಯಾಲ ಅಕಿನ್ನ ಹುಡುಕ್ಕೊಂಡು ಬಂದವರು ಗೋಳಾಡ್ತಾರ!"

"ಹಂಗಾದ್ರ ಭಾಳ ಕೆಟ್ಟ ಬಸ್ಸವ್ವ ನಿಮ್ದು" ಎಂದು ಕಂಡಕ್ಟರು ಮನಃಪೂರ್ವಕ ಮರುಗಿದ.

"ಬಸ್ಸಿಂದೂ ಅಲ್ರಿ, ನಿಮ್ಮಂಥ ಕಂಡಕ್ಟರ್ ಆ ಕರ್ನಲ್ಲಂದೂ ಅಲ್ಲ, ತಪ್ಪು ಟವೆಲ್ ಒಗಿಯೋರ್ದು. ಇಷ್ಟು ಮಂದಿ ಇದ್ದೀವಿ, ಎಲ್ಲಿ ಖಾಲಿ ಅದ ತೋರಸ್ರಿ ಅಂತ ಮೊದ್ಲ ನಿಮ್ಮನ್ನ ಕೇಳಬೇಕು. ನೀವು ತೋರಿಸಿದಲ್ಲಿ ಟವೆಲ್ ಹಾಕಬೇಕು. ಅಷ್ಟ!"

ಅಂದರೆ ನೋಡಿ, ಜನ್ಮವಿಡೀ ಖಾಲಿ ಬೆಂಚನ್ನೂ ಕೇಳಿ ಕೂತವಳು ಟೆಸ್ಟಿಗೆ ಮಾತ್ರ ಕೇಳುವುದನ್ನು ಕಲಿಸಿರಲಿಲ್ಲ! ಮನೆಗೆ ಬಂದವಳೇ ತಿದ್ದಿದಳು. ಟೆಸ್ಟು ಅಂದಿನಿಂದ ಒಂದೇ ಸಮನೆ ಪಾಸಾಗತೊಡಗಿತು. ಆ ಖುಷಿಗೆ ಹೂರಣದ ಹೋಳಿಗೆ ಮಾಡಿದಳು. ರಾವೂರಿನಿಂದ ಅಪ್ಪನ ತಂಗಿ, ನಮ್ಮ ಅತ್ತಿಯೂ ಬಂದಿದ್ದಳು. ಬಡಿಸಿದ ಮೇಲೆ ಸಣ್ಣವ್ವ ಎಂದಿನಂತೆ ತಾಟು ಹಿಡಿದು ಬಾಗಿಲಿಗೆ ಒರಗಿದಳು.

ಅತ್ತಿಯ ಬಾಯಿ ಸುಮ್ಮನಿರಬೇಕಲ್ಲ! ಅವ್ವನ ಮಣೆ ತೋರಿಸಿ, "ಯಾಕವ್ವಾ ನಿಂತಿ? ಅಲ್ಲಿ ಖಾಲಿ ಅದಲ್ಲ, ಕುಂದರು" ಎಂದಳು. ಅಪ್ಪನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು.

ಸಣ್ಣವ್ವ ಮಣೆಯ ಕಡೆಗೊಮ್ಮೆ ನೋಡಿ ಮೆಲ್ಲಗೆ ಹೇಳಿದಳು: "ಖಾಲಿ ಕಾಣಸ್ತದ್ರಿ, ಖಾಲಿ ಇಲ್ಲ."

ಬಸ್ಸಿನಲ್ಲಿ ಅಷ್ಟು ಪಾಠ ಕೇಳಿಯೂ ನನಗೆ ಹೊಳೆಯದ್ದು ಆಗ ಹೊಳೆಯಿತು. ಅವಳಿಗೆ ಅವ್ವನ ಜಾಗ ಬೇಕಿರಲೇ ಇಲ್ಲ. ಎಲ್ಲಿ ಕೂರಬೇಕೆಂದು ಈ ಮನೆಯಲ್ಲಿ ಯಾರಾದರೂ ಒಬ್ಬರು ತೋರಿಸಬೇಕಿತ್ತು, ಅಷ್ಟೆ. ಎದ್ದು ನನ್ನ ಮಣೆಯನ್ನು ಅಪ್ಪನ ಕಡೆ ಸರಿಸಿದೆ. ಅವ್ವನ ಮಣೆಗೂ ನನ್ನ ಮಣೆಗೂ ನಡುವೆ ಒಬ್ಬರು ಆರಾಮಾಗಿ ಕೂರುವಷ್ಟು ಜಾಗವಾಯಿತು. ಗೂಟದ ಮೇಲಿದ್ದ ಟವೆಲ್ ತಂದು, ಮಡಿಸಿ, ಅಲ್ಲಿ ಹಾಸಿದೆ.

ಸಣ್ಣವ್ವ ತಾಟು ಹಿಡಿದು ಹತ್ತಿರ ಬಂದಳು. ಬಂದವಳು ಸುಮ್ಮನೆ ಕೂರುತ್ತಾಳೆಯೇ? ಹುಟ್ಟುಗುಣ! ಟವೆಲ್ಲನ್ನು ನೋಡುತ್ತ ಕೇಳಿಯೇ ಬಿಟ್ಟಳು:

"ಇಲ್ಲಿ ಯಾರರ ಅದಾರೇನ್ರಿ?"

"ಅದಾಳ" ಎಂದೆ. "ನಮ್ಮ ಸಣ್ಣವ್ವ ಅದಾಳ. ಕುಂದರು."